ಬಾಗಲಕೋಟಿ ದೊಡ್ಡಪ್ಪನ ದೊಡ್ಡಸ್ತಿಕಿ

ಸೊಕ್ಕು ಬ್ಯಾರೆ, ದೊಡ್ಡಸ್ತಿಕಿ ಬ್ಯಾರೆ. ಸೊಕ್ಕಿನ ಮನಶ್ಯಾ ಬೈದು ಹೋಗ್ತಾನ. ದೊಡ್ಡಸ್ತಿಕಿ ಮಾಡಾಂವ ಬೆನ್ನ ಮ್ಯಾಲೆ ಕೈಯಾಡಿಸಿ 'ಪಾಪ' ಅಂತಾನ. ಅದನ್ನ ತಡಕೊಳ್ಳೂದು ಭಾಳ ತ್ರಾಸು. ಇಂಥಾವ್ರು ಊರಿಗೊಬ್ರು ಇದ್ದೇ ಇರ್ತಾರ. ನನ್ನ ಪಾಲಿಗೆ ಬಂದಾವ್ರು, ನನ್ನ ನೋಡಾಕ ಬಂದ ಹುಡುಗನ ದೊಡ್ಡಪ್ಪ, ಬಾಗಲಕೋಟಿ ಕಚೇರಿ ಕಾರಕೂನ. ಅದಕ್ಕೂ ಮೊದಲ ನನಗ ಬಂದ ಎರಡು ಸಂಬಂಧ ಮುರಿದಿದ್ದುವು. ಇದೂ ಮುರಿದ್ರ ಇಲಕಲ್ಲಿನಾಗ ತಲಿ ಎತ್ತಿ ಅಡ್ಡಾಡೂದು ಹೆಂಗ ಅಂತ ಅಪ್ಪಗ ಜೀವದಾಗ ಜೀವ ಇರಲಿಲ್ಲ.

ಗಿಡ್ಡ ಬಾಗಲಾ

ಆಗಿನ್ನೂ ಮೋಟರು ಇರಲಿಲ್ಲ, ಹುಡುಗ, ಅವನ ಅಪ್ಪ, ದೊಡ್ಡಪ್ಪ ಮೂವರೂ ಚಕ್ಕಡಿ ಕಟ್ಟಿಕೊಂಡು ಬಂದ್ರು.

'ಬಾಗಲಾ ಗಿಡ್ಡ ಐತ್ರಿ, ಬಗ್ಗಿ ಬರ್ರಿ' ಅಂದ ಅಪ್ಪ.

'ಪಾಪ, ನಮಗ ಬಾಗಲಾ ಹಾಯೂದು ಕಲಸ್ತೀರೇನು?' ಅಂತ ದೊಡ್ಡಪ್ಪ ನಕ್ಕೋತ ಹೆಜ್ಜಿ ಇಟ್ರು. ಧಪ್! ಅಪ್ಪನ ಮಾರಿ ಬೆಳ್ಳಗಾತು. ಅವ್ವ ಬಾಯಿಗೆ ಸೆರಗು ತುರುಕಿಕೊಂಡು ಒಳಗ ಓಡಿದ್ಲು. ದೊಡ್ಡಪ್ಪ ಒಳಗ, ತಲಿ ಮ್ಯಾಲಿನ ಪಟಗಾ ಹೊರಗ.

ರೊಟ್ಟಿ ಪಾಠ

ನನ್ನ ಕರದು ಕುಂಡ್ರಿಸಿದ್ರು.

'ತಂಗೀ, ರೊಟ್ಟಿ ಬಡಿಯಾಕ ಬರ್ತೈತೇನು? ಪಾಪ, ನೀವು ದಪ್ಪ ಬಡೀತೀರಿ. ಹಿಂಗ ಬಡೀಬೇಕು' ಅಂತ ದೊಡ್ಡಪ್ಪ ಗಾಳ್ಯಾಗ ಎರಡೂ ಕೈ ಆಡಿಸಿ ತೋರಿಸಿದ್ರು. ನನ್ನ ನಾಲಗಿ ತುರಸ್ತಿತ್ತು. ಅವ್ವ ಹಿಂದಿಂದ ಚಿವುಟಿದ್ಲು. ಒಲಿ ಮುಂದ ಕುಂತ ಅಜ್ಜಿನ್ನ ಚಿವುಟಾವ್ರು ಯಾರು?

'ಬರ್ರಿ ಹಂಗಾದ್ರ, ಹಂಚು ಕಾದೈತಿ' ಅಂದ್ಲು.

ಹುಡುಗ ನಕ್ಕಬಿಟ್ಟ. ದೊಡ್ಡಪ್ಪ ಮಾರಿ ಗಂಟು ಹಾಕ್ಕೊಂಡ್ರು. ಮುಗೀತು ನನ್ನ ಲಗ್ನ ಅನಕೊಂಡೆ. ಹುಡುಗ ನಕ್ಕಿದ್ದು ನೋಡಿ ಮನಸ್ಸು ಬ್ಯಾರೆ ಅಲ್ಲೇ ಕೂತಬಿಟ್ಟಿತ್ತು.

ಬಾಯಿ ಸೀ

ಹೊರಡೂ ಹೊತ್ತಿಗೆ ದೊಡ್ಡಪ್ಪ, 'ಊರಿಗೆ ಹೋಗಿ ಹೇಳಿ ಕಳಸ್ತೇವಿ' ಅಂದ್ರು. ಹಂಗಂದ್ರ ಬ್ಯಾಡ ಅಂತ ಅರ್ಥ, ಎಲ್ಲಾರಿಗೂ ಗೊತ್ತು. ಹುಡುಗನ ಅಪ್ಪ ಅಣ್ಣನ ಮುಂದ ತುಟಿ ಬಿಚ್ಚಾವ್ರಲ್ಲ, ನೆಲಾ ನೋಡ್ಕೋತ ನಿಂತ್ರು.

ನಮ್ಮ ಕಡೆ ಹುಡುಗನ ಮನಿ ಹಿರ್ಯಾರು ಹೆಣ್ಣಿನ ಅಪ್ಪನ ಬಾಯಾಗ ಸಕ್ಕರಿ ಹಾಕಿದ್ರ ಮಾತು ಪಕ್ಕಾ. ಆಮ್ಯಾಲೆ ತಿರುಗಿದ್ರ ಮಾನ ಹೋಗ್ತೈತಿ. ಅಪ್ಪ ಆಶಾ ಬಿಡದ ಸಕ್ಕರಿ ತಾಟು ತಂದು, 'ಬಾಯಿ ಸೀ ಮಾಡ್ಕೊಂಡರ ಹೋಗ್ರಿ' ಅಂತ ಒಂದು ಚಿಟಿಕಿ ಎತ್ತಿದ. ಅವಸರದಾಗ ಅರ್ಧ ದೊಡ್ಡಪ್ಪನ ಮೀಸಿಗೆ, ಅರ್ಧ ನೆಲಕ್ಕ.

'ಪಾಪ! ಸಕ್ಕರಿ ಹಾಕೂದೂ ಬರೂದಿಲ್ಲ ನಿಮಗ. ನೋಡ್ರಿಲ್ಲೆ, ಹಿಂಗ ಹಿಡೀಬೇಕು, ಬಾಯಿ ತಗೀರಿ, ಹಿಂಗ...' ಅಂತ ಅಪ್ಪನ ಬಾಯಾಗ ಹಾಕೇಬಿಟ್ರು.

ಹುಡುಗನ ಅಪ್ಪ ಮೊದಲನೇ ಸಲ ಬಾಯಿ ಬಿಟ್ರು: 'ಅಣ್ಣ ಸಕ್ಕರಿ ಹಾಕಿದಾ! ಮಾತು ಪಕ್ಕಾ!' ಅಜ್ಜಿ ಆರತಿ ತರಾಕ ಎದ್ದೇಬಿಟ್ಲು.

'ಏ, ನಾ ಬರೇ ತೋರಿಸಿದ್ದು!' ಅಂತ ದೊಡ್ಡಪ್ಪ ಒದರಿದ್ರು.

ಅಪ್ಪ ಸಕ್ಕರಿ ನುಂಗಿ, ಕೈ ಮುಗಿದು ಅಂದ: 'ಭಾಳ ಛಲೋ ತೋರಿಸಿದ್ರಿ, ಬೀಗರ.'