ಮೂವತ್ತಡಿಗೊಂದು ಮರ, ಮೂವತ್ತಡಿಗೊಂದು ಸೈಟು

ರಾಜಧಾನಿ ಬೆಳೆಯಬೇಕೆಂದು ಬೆಂಗಳೂರಿನಲ್ಲಿ ಯಾರಾದರೂ ಪೆನ್ಸಿಲ್ ಹಿಡಿದರೆ ಸಾಕು, ಆ ಗೆರೆ ನನ್ನ ತೆಂಗಿನ ತೋಟದ ಮೇಲೇ ಹಾದುಹೋಗುತ್ತದೆ. ಒಂದು ವರ್ಷದಿಂದ ಇದೇ ಗೋಳು.

೧

ಬೆಂಗಳೂರನ್ನು ಪ್ರಪಂಚದ ದೊಡ್ಡ ನಗರಗಳೊಡನೆ ಸ್ಪರ್ಧಿಸುವ ಪ್ರಾದೇಶಿಕ ಕೇಂದ್ರವಾಗಿಸುತ್ತಾರಂತೆ. ಅದರ ಉಪನಗರವೊಂದು ನಮ್ಮ ಕಡೆಗೂ ಬರುತ್ತದಂತೆ. ಕರಡು ನಕ್ಷೆಯನ್ನು ತಿಪಟೂರಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಕನ್ನಡಕ ಒರೆಸಿಕೊಂಡು ನೋಡಿದೆ. ದಂಡಿನಶಿವರದ ಪಕ್ಕ ನಮ್ಮ ಮಾವನವರು ನೆಟ್ಟ ತೋಟಕ್ಕೆ ಹಳದಿ ಬಣ್ಣ ಬಳಿದು, "ಅಭಿವೃದ್ಧಿಯಾದ ವಸತಿ ಬಡಾವಣೆ" ಎಂದು ಬರೆದಿದ್ದರು.

ಬೆಂಗಳೂರಿನಿಂದ ಬಂದಿದ್ದ ಯೋಜನಾಧಿಕಾರಿಯನ್ನು ಕೇಳಿದೆ.

"ಮೇಡಂ, ಆಕಾಶದಿಂದ ತೆಗೆದ ಫೋಟೋದಲ್ಲಿ ಸ್ಪಷ್ಟವಾಗಿದೆ. ಮೂವತ್ತಡಿಗೊಂದು ಗುರುತು, ನೇರ ಸಾಲು. ಸೈಟು ಮಾಡದೆ ಇಷ್ಟು ಶಿಸ್ತಾಗಿ ಯಾರು ಅಳೀತಾರೆ?"

"ತೆಂಗು ನೆಡುವವರು ಅಳೆಯುತ್ತಾರೆ. ಗಿಡದಿಂದ ಗಿಡಕ್ಕೆ ಮೂವತ್ತಡಿ."

ಅವರು ನಕ್ಷೆಯನ್ನೂ ನನ್ನನ್ನೂ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: "ಹಾಗಾದ್ರೆ ಪ್ರತಿ ಸೈಟಿನಲ್ಲೂ ಒಂದೊಂದು ಮರ ಇದೆ ಅಂತೀರಾ?"

೨

ಆಕ್ಷೇಪಣೆ ಬರೆದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ಎಡಕ್ಕೆ ಎರಡು ಬೆರಳು ಅಂಚು ಬಿಟ್ಟು, ಒಂದು ಚಿತ್ತೂ ಇಲ್ಲದಂತೆ. ಯೋಜನಾ ಕಚೇರಿಗೆ ಒಯ್ದು ಕೊಟ್ಟರೆ, ಅಲ್ಲಿನ ಗುಮಾಸ್ತರು ಅದನ್ನು ಓದದೆ ಬೀರುವಿನ ನೆತ್ತಿಯ ಮೇಲೆ, ಧೂಳು ಹಿಡಿದ ಕಟ್ಟುಗಳ ನಡುವೆ ಇಟ್ಟರು.

"ಅಲ್ಲೇಕೆ ಇಡುತ್ತೀರಿ?"

"ಪರಿಶೀಲನೆಗೆ, ಮೇಡಂ."

ನನ್ನ ಜೊತೆ ಬಂದಿದ್ದ, ನಮ್ಮ ತೋಟ ನೋಡಿಕೊಳ್ಳುವ ಮುದುಕ ನನಗೆ ಸಮಾಧಾನ ಹೇಳಿದ: "ಬುಡಿ ಅಮ್ಮಾರೆ, ಅಟ್ಟಕ್ಕೆ ಹಾಕವ್ರೆ. ನಮ್ ಕಾಯಿನೂ ಹಂಗೇ ಅಲ್ವಾ? ಯಾರೂ ಮುಟ್ಟದಂಗೆ ಒಂದ್ ವರ್ಷ ಇದ್ರೆ ತಾನಾಗೇ ಕೊಬ್ಬರಿ ಆಯ್ತದೆ."

ಗುಮಾಸ್ತರು ನಗಲಿಲ್ಲ. "ಇಲ್ಲಿ ವರ್ಷ ಸಾಲದು ಕಣಪ್ಪ," ಎಂದರು.

೩

ನಾನು ಬಿಡುವವಳಲ್ಲ. ನಾಲ್ಕು ಸಲ ಹೋಗಿ ಕೂತ ಮೇಲೆ ಅದೇ ಯೋಜನಾಧಿಕಾರಿ ಸ್ಥಳ ಪರಿಶೀಲನೆಗೆ ಬಂದರು. ಕಾರಿಳಿದವರೇ ಎಳನೀರು ಕೇಳಿದರು.

ಮುದುಕ ಗಾಬರಿಯಾದ. "ಎಳೆಗಾಯಿ ಕೀಳಾಕಾಗಕಿಲ್ಲ ಸ್ವಾಮಿ, ಕೊಬ್ಬರಿಗೆ ಬುಟ್ಟಿರೋ ತೋಟ ಇದು. ಎಳನೀರಿಗೆ ಇಲ್ಲಿಗಂಟ ಯಾಕ್ ಬಂದ್ರಿ? ನಿಮ್ ಬೆಂಗಳೂರಲ್ಲಿ ಸಿಗ್ನಲ್ಲಿಗೊಂದು ಗಾಡಿ ನಿಂತಿರ್ತದಲ್ಲ!"

ನಾನು ಕಾಫಿ ಕೊಟ್ಟೆ. ಕುಡಿದು, ಟೇಪು ಬಿಚ್ಚಿ, ಮರದಿಂದ ಮರಕ್ಕೆ ಅಳೆದು ಬರೆದುಕೊಂಡರು.

"ಏನು ಬರೆದಿರಿ?"

"ಸೈಟಿನ ಅಳತೆ ಸರಿಯಾಗಿದೆ ಅಂತ."

ನಾನು ಬಾಯಿ ತೆರೆಯುವಷ್ಟರಲ್ಲಿ ಒಣಗಿದ ಕಾಯೊಂದು ಅವರ ಕಾಲಿನಿಂದ ಒಂದು ಗೇಣು ದೂರಕ್ಕೆ ದಪ್ಪೆಂದು ಬಿತ್ತು. ಅವರು ಮೇಲೆ ನೋಡಿದರು. ಆಮೇಲೆ ಅಳತೆಯ ಕೆಳಗೆ, "ಮರಗಳು ಇವೆ" ಎಂದು ಸೇರಿಸಿದರು.

೪

ತಿದ್ದಿದ ನಕ್ಷೆ ಬಂತು. ಹಳದಿ ಹೋಗಿ ಹಸಿರು ಬಂದಿತ್ತು. ನೆಮ್ಮದಿಯಿಂದ ಕೆಳಗಿನ ಸಾಲು ಓದಿದೆ: "ಸಾರ್ವಜನಿಕ ಉದ್ಯಾನವನ." ಸೈಟಾಗುವುದು ತಪ್ಪಿದರೂ ತೋಟ ಮಾತ್ರ ನನ್ನದಾಗಿ ಉಳಿದಿರಲಿಲ್ಲ.

ಮರುವಾರವೇ ಗೇಟಿನಲ್ಲಿ ವಾಕಿಂಗ್ ಶೂ ಹಾಕಿಕೊಂಡ ಗಂಡ ಹೆಂಡತಿ ನಿಂತಿದ್ದರು. ಇದು ನಮ್ಮ ಸ್ವಂತ ತೋಟ ಎಂದು ಬಿಡಿಸಿ ಹೇಳಿದೆ.

"ನಕ್ಷೆಯಲ್ಲಿ ಪಾರ್ಕ್ ಅಂತಿದೆಯಲ್ಲಾ," ಎಂದರು ಆಕೆ. "ಬೆಂಚು ಯಾವಾಗ ಹಾಕಿಸ್ತೀರಾ?"

ಮುದುಕ ಮರದ ನೆತ್ತಿ ನೋಡಿದ. "ಬೆಂಚು ಯಾವತ್ ಬೇಕಾದ್ರೂ ಹಾಕ್ಸಬೋದು ಕಣ್ರವ್ವ. ಕೂತೋರ ತಲೆ ಉಳ್ಸೋದ್ ಹೆಂಗೆ ಅಂತ ಮೊದ್ಲು ಬೆಂಗಳೂರಿನೋರು ಹೇಳ್ಲಿ."

ಅವರು ಬಂದ ದಾರಿಯಲ್ಲೇ ಬಿರಬಿರನೆ ಹೋದರು. ನನ್ನ ಎರಡನೆಯ ಆಕ್ಷೇಪಣೆಯಲ್ಲಿ ಮುದುಕನ ಆ ಮಾತನ್ನೇ ಬರೆದೆ. ಬೇರೆಯವರ ವಾಕ್ಯವನ್ನು ತಿದ್ದದೆ ಬಿಟ್ಟದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಆಶ್ಚರ್ಯವೆಂದರೆ ಅದು ಬೀರುವಿನ ಮೇಲೆ ಮಲಗಲಿಲ್ಲ, ಹತ್ತೇ ದಿನದಲ್ಲಿ ಉತ್ತರ ಬಂತು. ಅದರಲ್ಲಿ ನನ್ನನ್ನು "ತೋಟದ ಮಾಲೀಕರು" ಎಂದು ಒಪ್ಪಿಕೊಂಡಿದ್ದರು. ಗೆದ್ದೆ ಎಂದುಕೊಂಡು ಮುಂದಿನ ಸಾಲು ಓದಿದೆ:

"ಸಾರ್ವಜನಿಕರ ಹಿತದೃಷ್ಟಿಯಿಂದ, ಕಾಯಿಗಳು ಬೀಳುವ ದಿನ ಹಾಗೂ ಸಮಯವನ್ನು ಮಾಲೀಕರು ಈ ಕಚೇರಿಗೆ ಮುಂಚಿತವಾಗಿ ಲಿಖಿತವಾಗಿ ತಿಳಿಸತಕ್ಕದ್ದು."