ಕನ್ನಡಿಯಲ್ಲೊಂದು ಕೆಂಪು ಕೈ

"ಕಾರು ಎಳೆಯುತ್ತೆ, ಟ್ರೇಲರ್ ಹಿಂದೆ ಬರುತ್ತೆ. ಇದರಲ್ಲಿ ನನ್ನ ಕೆಲಸ ಏನಿದೆ ಹೇಳು? ಸುಮ್ನೆ ಕೂತ್ಕೊಳ್ಳೋದು!"

ಜುಲೈ ನಾಲ್ಕರ ಬೆಳಿಗ್ಗೆ, ಮಾವನ ಮನೆಯ ಅಂಗಳದಲ್ಲಿ ನಿಂತು ಓರಿನ್ ಹೌಗೆನ್ ಹೀಗೆ ಘೋಷಿಸಿದ. ಓರಿನ್ ಕನ್ನಡಕದ ಡಾಕ್ಟರು. ಮಿನ್ನೆಸೋಟದ ಆ ಸಣ್ಣ ಊರಿನ ಅರ್ಧ ಜನ ಲೋಕವನ್ನು ನೋಡುತ್ತಿರುವುದೇ ತನ್ನ ದಯೆಯಿಂದ ಎಂದು ಅವನ ದೃಢ ನಂಬಿಕೆ. ಪಕ್ಕದಲ್ಲಿ ಅವನ ಹೊಚ್ಚಹೊಸ ನೀಲಿ ಎಸ್‌ಯುವಿ ನಿಂತಿತ್ತು. ಎಂಟು ಜನ ಕೂರುವ ಗಾಡಿ. ಮನೆಯಲ್ಲಿ ಇರುವುದು ಇಬ್ಬರೇ. ಉಳಿದ ಆರು ಸೀಟುಗಳಲ್ಲಿ ಓರಿನ್‌ನ ಆತ್ಮವಿಶ್ವಾಸ ಕೂತಿತ್ತು ಎನ್ನಬಹುದು.

ಟ್ರೇಲರ್ ಮಾತ್ರ ಅವನದಲ್ಲ, ಮಾವ ವರ್ಜಿಲ್ ಅವರದು. ಹಾಸಿಗೆ, ಒಲೆ, ಫ್ರಿಜ್ ಎಲ್ಲ ಇರುವ, ಚಕ್ರದ ಮೇಲಿನ ಬಿಳಿ ಮನೆ. ನಲವತ್ತು ವರ್ಷ ಸ್ಕೂಲ್ ಬಸ್ ಓಡಿಸಿದ ವರ್ಜಿಲ್ ಮೂವತ್ತೊಂದು ಬೇಸಿಗೆ ಅದನ್ನು ಟಾರ್ವಿಕ್ ಕೆರೆಗೆ ಎಳೆದುಕೊಂಡು ಹೋಗಿ, ದಂಡೆಯಲ್ಲಿ ಟ್ರೇಲರುಗಳಿಗೆಂದು ನಂಬರ್ ಹಾಕಿಟ್ಟ ಜಾಗಗಳಲ್ಲಿ ಹದಿನಾಲ್ಕನೆಯದರಲ್ಲಿ ಗೆರೆ ಎಳೆದ ಹಾಗೆ ನಿಲ್ಲಿಸಿದವರು. ಈ ವರ್ಷ ಸೊಂಟದ ಆಪರೇಷನ್ ಆಗಿ ಕೋಲು ಹಿಡಿದಿದ್ದರು. ಪಕ್ಕದ ಮನೆಯ ಕ್ನೂಟ್‌ನ ಜೊತೆ ಮುಂಚಿನ ದಿನವೇ ಕೆರೆಗೆ ಹೊರಡುವಾಗ ಅಳಿಯನನ್ನು ಕರೆದು ಹೇಳಿದ್ದರು:

"ಒಂದು ಗೀರು ಬೀಳದ ಹಾಗೆ ತಗೊಂಡು ಬಾ. ನಾನು ನಿಲ್ಲಿಸೋ ಹಾಗೇ ನಿಲ್ಲಿಸು. ಆಮೇಲೆ ಅದು ನಿಮ್ಮದು. ಆಗಲಿಲ್ವೋ, ಕ್ನೂಟ್ ಎರಡು ವರ್ಷದಿಂದ ಕೇಳ್ತಿದ್ದಾನೆ, ಅವನಿಗೆ ಕೊಟ್ಟುಬಿಡ್ತೀನಿ."

"ಅಯ್ಯೋ ಮಾವ, ಇದೊಂದು ಕೆಲಸವಾ!" ಎಂದಿದ್ದ ಓರಿನ್.

ಅವನ ಹೆಂಡತಿ ಮಾರ್ಲಿಸ್ ಟ್ರೇಲರಿನ ಕಿಟಕಿಯನ್ನೇ ನೋಡುತ್ತಿದ್ದಳು. ಆ ಟ್ರೇಲರಿನ ಹಳದಿ ಪರದೆಗಳನ್ನು ಹೊಲಿದವಳು ಅವಳ ಅಮ್ಮ. ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಬಾಗಿಲು ತೆಗೆದರೆ ಈಗಲೂ ಅಮ್ಮನ ಕಾಫಿಯ ವಾಸನೆ ಬರುತ್ತದೆ ಎಂದು ಮಾರ್ಲಿಸ್ ಹೇಳುತ್ತಿದ್ದಳು. ಟ್ರೇಲರ್ ಕ್ನೂಟ್‌ನ ಪಾಲಾಗಿ, ಅವನು ಅದರೊಳಗೆ ಮೀನು ಹೆಚ್ಚುವುದನ್ನು ಅವಳು ಕನಸಿನಲ್ಲೂ ಕಂಡು ಎದ್ದು ಕೂತಿದ್ದಳು.

ಈಗ ಓರಿನ್‌ನ ಒಂದು ಗುಟ್ಟನ್ನು ಹೇಳಿಬಿಡಬೇಕು. ಅವನಿಗೆ ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಹೋಗಲು ಬರುತ್ತಿರಲಿಲ್ಲ! ಹಿಂದಿನ ವಾರವೇ ಚರ್ಚಿನ ಅಂಗಳದಲ್ಲಿ ಮೂರು ಸಂಜೆ ಗೆಳೆಯನ ಪುಟ್ಟ ಟ್ರೇಲರ್ ಕಟ್ಟಿ ಅಭ್ಯಾಸ ಮಾಡಿದ್ದ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತಿತ್ತು. ಬಲಕ್ಕೆ ತಿರುಗಿಸಿದರೆ ಪಾದ್ರಿಗಳ ಹೂಕುಂಡಕ್ಕೆ ಹೋಗುತ್ತಿತ್ತು. ಮನೆಗೆ ಬಂದು ಹೆಂಡತಿಗೆ, "ಬಂದುಬಿಡ್ತು ಕಣೆ, ನೀರು ಕುಡಿದಷ್ಟು ಸುಲಭ" ಎಂದಿದ್ದ.

ಮಾವ ಕೈಯಾರೆ ಬರೆದಿಟ್ಟ ಪಟ್ಟಿಯೊಂದು ಟ್ರೇಲರಿನ ಬಾಗಿಲಿಗೆ ಅಂಟಿಕೊಂಡಿತ್ತು. ಇಪ್ಪತ್ತಾರು ಅಂಶ. ಕಾರಿನ ಹಿಂದಿನ ಉಕ್ಕಿನ ಗುಂಡಿನ ಮೇಲೆ ಟ್ರೇಲರಿನ ಮೂತಿ ಕೂರಿಸು, ಸರಪಳಿ ಬಿಗಿ, ವೈರು ಸಿಕ್ಕಿಸು, ಫ್ರಿಜ್ ಬಾಗಿಲು ಹಾಕು, ಇತ್ಯಾದಿ. ಓರಿನ್ ಪಟ್ಟಿಯನ್ನು ಕಿತ್ತುಕೊಂಡು ಒಂದೊಂದಕ್ಕೂ ಗುರುತು ಹಾಕಿದ. ಇಪ್ಪತ್ತಾರನೆಯದು 'ಬಾಗಿಲಿಗೆ ಬೀಗ'. ಹಾಕಿದ. ಪಟ್ಟಿಯನ್ನು ಮಡಚಿ ಜೇಬಿಗೆ ಇಳಿಸಿದ. ಟ್ರೇಲರಿನ ಹಿಂಭಾಗ ಲೈಲಾಕ್ ಹೂವಿನ ಪೊದೆಯೊಳಗೆ ಹುದುಗಿತ್ತು, ಆ ಕಡೆ ಯಾರೂ ಹೋಗಲಿಲ್ಲ. ನೀಲಿ ಗಾಡಿ ಗುರ್ ಎಂದಿತು. ಬಿಳಿ ಮನೆ ಹೊರಟಿತು.

ಹೆದ್ದಾರಿ ಸೇರಿ ಹತ್ತು ಮೈಲಿ ಆಗಿರಬಹುದು. ಎದುರಿನಿಂದ ಬಂದ ಇನ್ನೊಂದು ಟ್ರೇಲರಿನವನು ಕೈ ಎತ್ತಿದ. ಓರಿನ್ ರಾಜಗಾಂಭೀರ್ಯದಿಂದ ಕೈ ಎತ್ತಿದ.

"ನೋಡಿದ್ಯಾ? ಟ್ರೇಲರಿನವರು ಟ್ರೇಲರಿನವರಿಗೆ ಕೈ ಎತ್ತಬೇಕು. ಅದು ಪದ್ಧತಿ. ಇವತ್ತಿಂದ ನಾವೂ ಆ ಕುಲಕ್ಕೆ ಸೇರಿದ್ವಿ!"

ಆದರೆ ಆ ದಿನ ಟ್ರೇಲರ್ ಇಲ್ಲದವರೂ ಕೈ ಎತ್ತತೊಡಗಿದರು. ಪಕ್ಕದಿಂದ ಮುಂದೆ ಹೋದ ಕಾರುಗಳೆಲ್ಲ ಹಾರ್ನ್ ಹೊಡೆದವು. ಒಬ್ಬ ಮುದುಕ ಎರಡೂ ಕೈ ಬೀಸಿದ; ಅವನ ಕಾರನ್ನು ಯಾರು ಓಡಿಸುತ್ತಿದ್ದರೋ ದೇವರೇ ಬಲ್ಲ. ಪಿಕಪ್‌ನಲ್ಲಿದ್ದ ಹೆಂಗಸೊಬ್ಬಳು ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಹಿಂದಕ್ಕೆ ಬೆರಳು ತೋರಿಸಿ, ಬಾಯಿ ಬಡಿದುಕೊಂಡು ಏನೋ ಕೂಗಿದಳು. ಓರಿನ್ ಅವಳಿಗೂ ಕೈ ಎತ್ತಿದ.

"ಏನೋ ಹೇಳ್ತಿದ್ದಾಳೆ, ಓರಿನ್."

"ಕಾರು ಚೆನ್ನಾಗಿದೆ ಅಂತಿರ್ತಾಳೆ."

"ಅಳ್ತಾ ಇದ್ದಾಳೆ ಕಣೋ!"

"ಹೊಟ್ಟೆಕಿಚ್ಚು."

ಹೀಗೆ ಹೇಳಿದನೇ ಹೊರತು ಓರಿನ್‌ನ ತಲೆಯೊಳಗೂ ಹುಳ ಬಿಟ್ಟಂತಾಗಿತ್ತು. ಟ್ರೇಲರ್ ಎಳೆಯಲೆಂದೇ ಎರಡೂ ಬದಿಗೆ ಆನೆಕಿವಿಯಂಥ ಕನ್ನಡಿ ಸಿಕ್ಕಿಸಿದ್ದ. ಬಲಗಡೆಯ ಕನ್ನಡಿಯಲ್ಲಿ, ಟ್ರೇಲರಿನ ಹಿಂದಿನ ಮೂಲೆಯಿಂದ, ಒಂದು ಕೆಂಪು ಕೈ ಹೊರಬಂದು ಅವನತ್ತ ಬೀಸಿ ಒಳಸರಿಯಿತು. ಕಣ್ಣು ಮಿಟುಕಿಸಿ ಮತ್ತೆ ನೋಡಿದ. ಏನೂ ಇಲ್ಲ. ಎರಡು ಮೈಲಿ ಕಳೆದ ಮೇಲೆ ಮತ್ತೆ ಬಂತು!

"ಮಾರ್ಲಿಸ್, ಹಿಂದೆ ಯಾರೋ ಕೈ ಬೀಸ್ತಿದ್ದಾರೆ."

"ಯಾರು?"

"ಗೊತ್ತಿಲ್ಲ. ಕೆಂಪು ಕೈ."

"ಯಾವ ಕಾರಿನಿಂದ?"

"ಕಾರಿಲ್ಲ. ಬರೀ ಕೈ."

ಮಾರ್ಲಿಸ್ ಕತ್ತು ಚಾಚಿ ಕನ್ನಡಿ ನೋಡಿದಳು. ಬರಿಯ ಜೋಳದ ಹೊಲ ಕಂಡಿತು. "ಸೋಮವಾರ ನಿನ್ನ ಅಂಗಡಿಗೇ ಹೋಗಿ ಕಣ್ಣು ತೋರಿಸ್ಕೋ. ಈಗ ಮೊದಲು ಎಲ್ಲಾದರೂ ನಿಲ್ಲಿಸು, ನಂಗೆ ಬಾತ್‌ರೂಮಿಗೆ ಹೋಗಬೇಕು."

ಒಂದು ಪೆಟ್ರೋಲ್ ಬಂಕ್ ಬಂತು. ಓರಿನ್ ಅದನ್ನು ದಿಟ್ಟಿಸಿ ನೋಡಿ ಮುಂದೆ ಹೋದ. ಇನ್ನೊಂದು ಬಂತು. ಅದನ್ನೂ ದಿಟ್ಟಿಸಿ ಮುಂದೆ ಹೋದ. ಮೂರನೆಯದು ಹೋದಾಗ ಮಾರ್ಲಿಸ್‌ಗೆ ರೇಗಿತು.

"ಯಾಕೋ ನಿಲ್ಲಿಸ್ತಿಲ್ಲ?"

"ಒಳಗೆ ಹೋಗಬಹುದು. ಹೊರಗೆ ಬರೋಕೆ ಜಾಗ ಇಲ್ಲ."

"ರಿವರ್ಸ್ ತಗೋ."

ಓರಿನ್ ರಸ್ತೆಯನ್ನೇ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು.

"ಓರಿನ್. ನಿಂಗೆ ರಿವರ್ಸ್ ಬರುತ್ತೆ ತಾನೇ?"

"ಬರುತ್ತೆ. ಆದರೆ ನಾನು ಹೇಳಿದ ಕಡೆಗೆ ಬರಲ್ಲ."

ಆಮೇಲಿನ ಇಪ್ಪತ್ತು ಮೈಲಿ ಮಾರ್ಲಿಸ್ ಕಿಟಕಿಯಾಚೆಯ ಜೋಳದ ಹೊಲ ನೋಡುತ್ತಾ ಕೂತಳು. ಕೆಂಪು ಕೈ ಮಾತ್ರ ಆಗಾಗ ಬಂದು ಬೀಸಿ ಹೋಗುತ್ತಿತ್ತು. ಓರಿನ್ ಈಗ ಅದಕ್ಕೂ ಕೈ ಎತ್ತುವ ಸ್ಥಿತಿಗೆ ಬಂದಿದ್ದ.

ಟಾರ್ವಿಕ್ ಊರು ಬಂತು. ಕೆರೆಗೆ ಹೋಗುವ ದಾರಿ ಊರಿನ ದೊಡ್ಡ ಬೀದಿಯಲ್ಲೇ. ಆದರೆ ಬೀದಿಯ ಬಾಯಲ್ಲಿ ಹಳೆಯ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ಓರಿನ್ ಬ್ರೇಕ್ ಹಾಕುವಷ್ಟರಲ್ಲಿ ಹಿಂದಿನಿಂದ ಶಾಲೆಯ ಬ್ಯಾಂಡಿನವರು ಡೋಲು ಹೊತ್ತುಕೊಂಡು ಬಂದು ನಿಂತರು. ಕಿತ್ತಳೆ ಅಂಗಿ ತೊಟ್ಟ ಹೆಂಗಸೊಬ್ಬಳು ಕಾಗದ ಹಿಡಿದು ಓಡಿ ಬಂದಳು. ಕಾರನ್ನು ನೋಡಿದಳು, ಟ್ರೇಲರನ್ನು ನೋಡಿದಳು, ಹಿಂದಕ್ಕೆ ಹೋಗಿ ನೋಡಿ ಎದೆ ಹಿಡಿದುಕೊಂಡು ನಗುತ್ತಾ ವಾಪಸ್ ಬಂದಳು.

"ಎಂಥಾ ತಲೆ ರೀ ನಿಮ್ದು! ಮುಂದೆ ನೀಲಿ, ಮಧ್ಯೆ ಬಿಳಿ, ಕೊನೆಗೆ ಕೆಂಪು! ನಮ್ಮ ಬಾವುಟದ ಬಣ್ಣಗಳೇ! ಮೆರವಣಿಗೆಗೆ ಹೆಸರು ಕೊಟ್ಟಿದ್ರಾ?"

"ನಾವು ಕೆರೆಗೆ ಹೋಗೋರು," ಎಂದ ಓರಿನ್.

"ಮೆರವಣಿಗೆ ಮುಗಿಯೋದೂ ಅಲ್ಲೇ. ಇಲ್ಲ ಅಂದ್ರೆ ಬ್ಯಾಂಡಿನವರನ್ನ ಸರಿಸ್ತೀನಿ, ರಿವರ್ಸ್ ತಗೊಂಡು ಹೋಗಿ. ಯಾವುದು?"

ಓರಿನ್ ಹೆಂಡತಿಯ ಮುಖ ನೋಡಿದ. ಹೆಂಡತಿ ಆಕಾಶ ನೋಡಿದಳು.

"ಮೆರವಣಿಗೆ," ಎಂದ.

ಹೀಗೆ ಓರಿನ್ ಹೌಗೆನ್ ದೇಶದ ಸ್ವಾತಂತ್ರ್ಯೋತ್ಸವದ ಮೆರವಣಿಗೆಯಲ್ಲಿ, ಟ್ರ್ಯಾಕ್ಟರುಗಳ ಹಿಂದೆ, ಡೋಲಿನ ಮುಂದೆ, ನಡಿಗೆಯ ವೇಗದಲ್ಲಿ ಸಾಗಿದ. ಎರಡೂ ಬದಿಗೆ ಮಡಚು ಕುರ್ಚಿ ಹಾಕಿ ಕೂತ ಜನ. ಕಾರು ಬರುವಾಗ ಅವರು ಸುಮ್ಮನಿರುತ್ತಿದ್ದರು. ಟ್ರೇಲರ್ ದಾಟುವಾಗಲೂ ಸುಮ್ಮನೆ. ಟ್ರೇಲರ್ ದಾಟಿದ ಮೇಲೆ ಘೊಳ್ಳೆಂದು ನಗು!

"ಯಾಕೆ ನಗ್ತಾರೆ?"

"ಇಳಿದು ಹೋಗಿ ನೋಡಲಾ?"

"ಬೇಡ ಬೇಡ! ಕಾರು ಚಲಿಸ್ತಾ ಇದೆ. ಕೈ ಬೀಸು, ಮಾರ್ಲಿಸ್, ಕೈ ಬೀಸು!"

ಮೆರವಣಿಗೆಯಲ್ಲಿ ಬರುವವರು ಮಿಠಾಯಿ ಎಸೆಯಬೇಕು. ಮಕ್ಕಳು "ಮಿಠಾಯಿ! ಮಿಠಾಯಿ!" ಎಂದು ಕಾರಿನ ಜೊತೆ ಓಡಿದರು. ಮಾರ್ಲಿಸ್ ಹಿಂದಿನ ಸೀಟನ್ನೆಲ್ಲ ತಡಕಾಡಿದಳು. ಸಿಕ್ಕಿದ್ದು ಓರಿನ್‌ನ ಅಂಗಡಿಯ ಒಂದು ಡಬ್ಬ: ಗಿರಾಕಿಗಳಿಗೆ ಪುಕ್ಕಟೆ ಕೊಡುವ ಕನ್ನಡಕ ಒರೆಸುವ ಬಟ್ಟೆಗಳು, 'ಸ್ಪಷ್ಟವಾಗಿ ನೋಡಿ, ಹೌಗೆನ್ ಕನ್ನಡಕಗಳು' ಎಂದು ಅಚ್ಚಾದವು. ಬೇರೆ ದಾರಿ ಕಾಣದೆ ಅದನ್ನೇ ಎರಡೂ ಕೈಯಿಂದ ತೂರಿದಳು. ಜನ ಹಿಡಿದು, ಕನ್ನಡಕ ಒರೆಸಿಕೊಂಡು, ಟ್ರೇಲರಿನ ಹಿಂಭಾಗವನ್ನು ಮತ್ತೆ ನೋಡಿ ಇನ್ನೂ ಜೋರಾಗಿ ನಕ್ಕರು.

ಬೀದಿಯ ಕೊನೆಯಲ್ಲಿ, ಅಂಚೆ ಕಚೇರಿಯ ನೆರಳಿನಲ್ಲಿ, ವರ್ಜಿಲ್ ಮಾವ ಕ್ನೂಟ್‌ನ ಜೊತೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲು ಅಳಿಯನನ್ನು ಕಂಡರು. ಹುಬ್ಬು ಏರಿತು. ಆಮೇಲೆ ತಮ್ಮ ಟ್ರೇಲರನ್ನು ಕಂಡರು. ಕೋಲು ಊರಿ ಎದ್ದು ನಿಂತರು. ಆಮೇಲೆ ಟ್ರೇಲರಿನ ಹಿಂಭಾಗ ಅವರೆದುರು ಬಂತು. ಮಾವ ಮೆಲ್ಲಗೆ ಕೂತುಬಿಟ್ಟರು. ಕ್ನೂಟ್ ಕುರ್ಚಿಯಿಂದ ಉರುಳಿದ್ದು ಮಾತ್ರ ಓರಿನ್‌ಗೆ ಕನ್ನಡಿಯಲ್ಲಿ ಬಹಳ ಸ್ಪಷ್ಟವಾಗಿ ಕಾಣಿಸಿತು.

ಕೆರೆಯ ದಂಡೆಯಲ್ಲಿ ಗಾಡಿ ನಿಂತಿದ್ದೇ ಮಾರ್ಲಿಸ್ ಬಾತ್‌ರೂಮಿನತ್ತ ಓಡಿದಳು. ಓರಿನ್ ಆ ದಿನದಲ್ಲಿ ಮೊದಲ ಬಾರಿಗೆ ಟ್ರೇಲರಿನ ಹಿಂದಕ್ಕೆ ಹೋದ.

ಅಲ್ಲಿ ಚಾವಣಿಗೆ ಹತ್ತುವ ಏಣಿಗೆ ಮಾವನ ಕೆಂಪು ಉಣ್ಣೆಯ ಒಳಉಡುಪು ನೇತಾಡುತ್ತಿತ್ತು. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದೇ ಬಟ್ಟೆಯದು. ಹಿಂದುಗಡೆ ಅವಸರಕ್ಕೆಂದು ಗುಂಡಿಯಿಟ್ಟ ಬಾಗಿಲು ಬೇರೆ. ಒಣಹಾಕಿದವರು ಗಾಳಿಗೆ ಹಾರದಿರಲೆಂದು ಒಂದು ತೋಳನ್ನು ಏಣಿಗೆ ಗಂಟು ಹಾಕಿದ್ದರು. ಉಳಿದ ಮೂರು ಕೈಕಾಲು ಗಾಳಿ ತುಂಬಿಕೊಂಡು, ತೊಂಬತ್ತು ಮೈಲಿ, ತಲೆಯಿಲ್ಲದ ಮನುಷ್ಯನೊಬ್ಬ ಪ್ರಾಣ ಕೈಯಲ್ಲಿ ಹಿಡಿದು ಜೋತುಬಿದ್ದ ಹಾಗೆ ಒದ್ದಾಡುತ್ತಾ ಬಂದಿದ್ದವು. ಪಿಕಪ್‌ನ ಹೆಂಗಸು ಅತ್ತದ್ದು ಅವನಿಗಾಗಿ! ಸಾಲದ್ದಕ್ಕೆ ಮೆರವಣಿಗೆಯವರು ಯಾವ ಮಾಯದಲ್ಲೋ ಬಂದು ಉಡುಪಿನ ಹಿಂಬಾಗಿಲಿಗೆ ಒಂದು ರಿಬ್ಬನ್ ಚುಚ್ಚಿ ಹೋಗಿದ್ದರು: 'ದೇಶಭಕ್ತಿ, ಮೂರನೇ ಬಹುಮಾನ'.

ಓರಿನ್ ಜೇಬಿನಿಂದ ಪಟ್ಟಿ ತೆಗೆದ. ಮೊದಲ ಬಾರಿಗೆ ಹಾಳೆ ತಿರುಗಿಸಿದ. ಅಲ್ಲಿ ಇನ್ನೂ ಎರಡು ಸಾಲು ಇದ್ದವು. ಇಪ್ಪತ್ತೇಳು: ಏಣಿಯ ಮೇಲಿನ ನನ್ನ ಬಟ್ಟೆ ಒಳಗಿಡು. ಇಪ್ಪತ್ತೆಂಟು: ಹೊರಡುವ ಮುಂಚೆ ಒಂದು ಸಲ ಹಿಂದೆ ಹೋಗಿ ನೋಡು.

ಅಷ್ಟರಲ್ಲಿ ಕ್ನೂಟ್‌ನ ಪಿಕಪ್ ಬಂತು. ಮಾವ ಇಳಿದರು. ಟ್ರೇಲರಿನ ಸುತ್ತ ಕೋಲು ಊರಿಕೊಂಡು ಒಂದು ಸುತ್ತು ಬಂದರು. ಗೀರು ಒಂದೂ ಇರಲಿಲ್ಲ. ಉಡುಪನ್ನು ನೋಡಿದರೂ ನೋಡದವರ ಹಾಗೆ ಹದಿನಾಲ್ಕನೇ ಜಾಗದತ್ತ ಕೋಲು ತೋರಿಸಿದರು.

"ಹೂಂ. ರಿವರ್ಸ್ ತಗೊಂಡು ನಿಲ್ಲಿಸು."

ಕ್ನೂಟ್ ಕುರ್ಚಿ ಬಿಡಿಸಿ ಕೂತ. "ನಾನು ನೋಡಬೇಕಪ್ಪಾ ಇದನ್ನ."

ಓರಿನ್ ಸ್ಟೇರಿಂಗ್ ಹಿಡಿದ. ಮೊದಲ ಸಲ ಟ್ರೇಲರ್ ಹದಿಮೂರನೇ ಜಾಗಕ್ಕೆ ಹೋಯಿತು. ಎರಡನೇ ಸಲ ಹದಿನೈದಕ್ಕೆ. ಮೂರನೇ ಸಲ ಟ್ರೇಲರೂ ಕಾರೂ ಬಾಗಿ ಒಂದರ ಮುಖ ಒಂದು ನೋಡಿಕೊಂಡು ನಿಂತವು. ಮಾರ್ಲಿಸ್ ಹಳದಿ ಪರದೆಯ ಕಿಟಕಿಯ ಪಕ್ಕ ನಿಂತಿದ್ದಳು. ಕೈ ಮಾಡಿ ದಾರಿ ತೋರಿಸುವುದನ್ನು ನಿಲ್ಲಿಸಿ, ಆ ಕೈಯನ್ನು ಕಿಟಕಿಯ ಗಾಜಿನ ಮೇಲಿಟ್ಟಿದ್ದಳು. ಅದನ್ನು ಓರಿನ್ ಕಂಡ. ಇಂಜಿನ್ ಆರಿಸಿ ಇಳಿದ.

"ಮಾವ, ನಂಗೆ ಬರಲ್ಲ. ಸುಳ್ಳು ಹೇಳಿದ್ದೆ. ತಪ್ಪು ನಂದು, ಅವಳದ್ದಲ್ಲ. ನನ್ನ ಜಂಬಕ್ಕೆ ಅವಳ ಅಮ್ಮನ ಪರದೆ ಕ್ನೂಟ್ ಪಾಲು ಮಾಡಬೇಡಿ."

 ವರ್ಜಿಲ್ ಕ್ನೂಟ್‌ನತ್ತ ತಿರುಗಿದರು.

"ಕ್ನೂಟ್, ಹೋಗಿ ಎರೆಹುಳ ತಗೊಂಡು ಬಾ."

"ಈಗಲಾ? ಒಳ್ಳೇ ಟೈಮಲ್ಲಿ?"

"ಈಗಲೇ."

ಕ್ನೂಟ್‌ನ ಪಿಕಪ್ ಮರೆಯಾಗುವವರೆಗೂ ಕಾದು, ವರ್ಜಿಲ್ ದನಿ ತಗ್ಗಿಸಿದರು. "ಸ್ಕೂಲ್ ಬಸ್ಸಿನ ಮೊದಲನೇ ಪಾಠ ಏನು ಗೊತ್ತಾ? ರಿವರ್ಸ್ ಹಾಕಬಾರದು. ಹಿಂದೆ ಮಕ್ಕಳಿರ್ತಾರೆ. ನಲವತ್ತು ವರ್ಷದಲ್ಲಿ ನಾನು ಒಂದೇ ಒಂದು ಸಲಾನೂ ಹಾಕಿಲ್ಲ."

"ಮತ್ತೆ ಇಲ್ಲಿ? ಮೂವತ್ತೊಂದು ವರ್ಷ?"

"ಮೀನು ತೊಳೆಯೋ ಶೆಡ್ ಹಿಂದೆ ಒಂದು ಹಾದಿ ಇದೆ. ಆ ಕಡೆಯಿಂದ ನೆಟ್ಟಗೆ ಒಳಗೆ ಬಂದು, ಮೂತಿ ರಸ್ತೆ ಕಡೆ ಬಂದಾಗ ನಿಲ್ಲಿಸಿದರೆ ಆಯ್ತು. ನೋಡಿದವರು ರಿವರ್ಸ್ ಅಂದ್ಕೋತಾರೆ. ಅದಕ್ಕೇ ನಾನು ವರ್ಷಾ ವರ್ಷಾ ಹಬ್ಬಕ್ಕೆ ಮೂರು ದಿನ ಮುಂಚೆ ಬರ್ತಿದ್ದೆ, ಒಂದು ನರಪಿಳ್ಳೆಯೂ ಇರದಾಗ."

"ಅಪ್ಪಾ!" ಎಂದಳು ಮಾರ್ಲಿಸ್. "ಅಮ್ಮನಿಗೆ ಗೊತ್ತಿತ್ತಾ?"

"ಹಾದಿ ಹುಡುಕಿದವಳೇ ಅವಳು."

ಕ್ನೂಟ್ ಎರೆಹುಳದ ಡಬ್ಬಿ ಹಿಡಿದು ಬರುವಾಗ ಟ್ರೇಲರ್ ಹದಿನಾಲ್ಕನೇ ಜಾಗದಲ್ಲಿ ಗೆರೆ ಎಳೆದ ಹಾಗೆ ನಿಂತಿತ್ತು. ಅವನು ಬಾಯಿ ತೆರೆದು, ಮುಚ್ಚಿ, ಟೊಪ್ಪಿ ತೆಗೆದ. ಓರಿನ್‌ನ ಎದೆ ಮೆಲ್ಲಗೆ ಉಬ್ಬತೊಡಗಿತು.

"ಅಪ್ಪಾ, ಹಾಗಾದ್ರೆ ಟ್ರೇಲರ್?" ಎಂದು ಕೇಳಿದಳು ಮಾರ್ಲಿಸ್.

 ವರ್ಜಿಲ್ ಏಣಿಯಿಂದ ಕೆಂಪು ಉಡುಪು ಬಿಚ್ಚಿ, ರಿಬ್ಬನ್ ಸಮೇತ ಹೆಗಲಿಗೆ ಹಾಕಿಕೊಂಡರು. ಅಳಿಯನ ಜೇಬಿನಿಂದ ಪಟ್ಟಿ ಎಳೆದು, ಪೆನ್ನು ತೆಗೆದು, ಎಲ್ಲಕ್ಕಿಂತ ಮೇಲೆ ಎರಡು ಸಾಲು ಬರೆದು, ಬಾಗಿಲಿಗೆ ಮತ್ತೆ ಅಂಟಿಸಿ ಕೆರೆಯತ್ತ ನಡೆದರು.

ಗಂಡ ಹೆಂಡತಿ ಬಗ್ಗಿ ಓದಿದರು:

'ಟ್ರೇಲರ್ ಮಾರ್ಲಿಸಳದು.

ಕನ್ನಡಕದ ಡಾಕ್ಟರು ಹಾಳೆಯ ಹಿಂದುಗಡೆಯನ್ನೂ ಓದತಕ್ಕದ್ದು.'