ಕಾಲು ಚಾಚುವಷ್ಟು ವ್ಯಾನು

ದೇರಣ್ಣನ ವ್ಯಾನು ಅವನಿಗಿಂತ ಒಂದು ಗೇಣು ಗಿಡ್ಡ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ ಅದು. ಸಂತೆ ಸಂತೆಗೆ ಹೋಗಿ ಕೀಲುನೋವಿನ ಎಣ್ಣೆ ಮಾರುವ ಅವನಿಗೆ ಅಂಗಡಿಯೂ ಅದೇ, ಮನೆಯೂ ಅದೇ. ರಾತ್ರಿ ಅದರೊಳಗೆ ಸೀಗಡಿಯ ಹಾಗೆ ಮುರುಟಿ ಮಲಗುವುದು, ಬೆಳಿಗ್ಗೆ ಮೊಣಕಾಲಿಗೆ ತನ್ನದೇ ಎಣ್ಣೆ ತಿಕ್ಕುವುದು, ನೋವು ಹೋಗದಿದ್ದರೂ ಸಂತೆಯಲ್ಲಿ ನಿಂತು ಅದನ್ನು ಹೊಗಳುವುದು. ಈಗ ಹೆಂಡತಿ ದೇವಮ್ಮ ತುಂಬಿದ ಬಸುರಿ. ಮೂರನೆಯ ಜೀವಕ್ಕೆ ಅಲ್ಲಿ ಜಾಗವಿಲ್ಲ.

ಪುತ್ತೂರಿನ ಹಳೆಗಾಡಿ ವ್ಯಾಪಾರಿ ವೆಂಕಟ್ರಮಣರಲ್ಲಿ ಉದ್ದದ ಹಸಿರು ವ್ಯಾನೊಂದಿತ್ತು. "ನಿಮ್ಮದನ್ನು ಇಲ್ಲಿ ಬಿಡಿ, ಏಳ್ನೂರು ಹಿಡೀತೇನೆ. ಮೇಲಿನದ್ದು ಕೊಟ್ಟು ಇದನ್ನು ತಕ್ಕೊಂಡು ಹೋಗಿ," ಎಂದಿದ್ದರು. ಒಂದು ಮನೆಯಿಂದ ಇಳಿದು ಇನ್ನೊಂದಕ್ಕೆ ಹತ್ತುವುದು. ದೇವಮ್ಮನಿಗೆ ಅದೇ ಸರಿ ಕಂಡಿತ್ತು. ಅವಳನ್ನು ಯಾರೂ ಕೇಳಲಿಲ್ಲ.

ಅರಂತೋಡಿನಲ್ಲಿ ದೇರಣ್ಣನ ವ್ಯಾನು ನಿಲ್ಲುವುದು ಮಹಾಲಿಂಗನ ಹೋಟೆಲಿನ ಮಗ್ಗುಲಲ್ಲಿ. ಸುದ್ದಿ ಕೇಳಿ ಮಹಾಲಿಂಗ ಹಣೆ ಚಚ್ಚಿಕೊಂಡ.

"ಏಳ್ನೂರಾ? ನಿನಗೆ ಮಂಡೆ ಸಮ ಉಂಟಾ ಮಾರಾಯಾ? ಹೊರಗೆ ಮಾರಿದರೆ ಸಾವಿರ ಕಣ್ಣು ಮುಚ್ಚಿ ಕೊಡ್ತಾರೆ!"

"ಸಾವಿರದ ಮೇಲೆಯೇ," ಎಂದ ಟೈಲರ್ ಕುಕ್ಕಪ್ಪ. ಅವನ ಹತ್ತಿರ ಸೈಕಲ್ಲೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಮಹಾಲಿಂಗನೇ ಬಸ್ಸಿನಿಂದ ಇಳಿದ ಗಿರಾಕಿಯೊಬ್ಬನನ್ನು ಹಿಡಿದು ತಂದ. ಅದೇ ಸಂತೆಗಳಲ್ಲಿ ಹಲ್ಲುಪುಡಿ ಮಾರುವ ಉದಯಶಂಕರ. ಅವನು ವ್ಯಾನಿಗೆ ಒಂದು ಸುತ್ತು ಬಂದು ಸುಮ್ಮನೆ ನಿಂತ. ಉಳಿದವರಿಗೆ ಸುಮ್ಮನಿರಲಾಗಲಿಲ್ಲ. ಹೊಸಬನ ಎದುರು ತಾವು ತಿಳಿದವರೆಂದು ತೋರಿಸಬೇಡವೇ?

"ಮಳೆ ಬಂದರೆ ಮೇಲಿನ ಮಾಡು ಸೋರುದು ಸ್ವಲ್ಪ ಉಂಟು," ಎಂದ ಮಹಾಲಿಂಗ.

"ಬ್ರೇಕು ಹಾಕುದು ಇಲ್ಲಿ, ನಿಲ್ಲುದು ಸಂಪಾಜೆಯಲ್ಲಿ," ಎಂದ ಕುಕ್ಕಪ್ಪ. ಬಾಗಿಲಾದರೂ ಭದ್ರವಿದೆಯೇ ಎಂದು ಎಳೆದು ನೋಡಿದ. ಹಿಡಿ ಕೈಗೇ ಬಂತು.

ದೇರಣ್ಣ ನಡುವೆ ನುಗ್ಗಿದ. "ಉದಯಣ್ಣ, ಇವರ ಮಾತು ಬಿಡಿ. ಪುತ್ತೂರಿನ ವೆಂಕಟ್ರಮಣರು ಇದನ್ನು ಏಳ್ನೂರಕ್ಕೆ ಹಿಡೀತೇನೆ ಅಂದಿದ್ದಾರೆ! ಅವರಲ್ಲಿ ಒಂದು ಹಸಿರು ವ್ಯಾನು ಉಂಟು. ರಾಜನ ಹಾಗೆ ಕಾಲು ಚಾಚಿ ಮಲಗಬಹುದು..."

ದೇವಮ್ಮ ಕೆಮ್ಮಿದಳು. ಗಂಡ ತಿರುಗಲಿಲ್ಲ. ತಿರುಗಿದ್ದು ಉದಯಶಂಕರ.

"ಆರ್ನೂರು. ಈಗಲೇ ಕೊಡ್ತೇನೆ," ಎಂದ ಅವನು.

"ಕೊಟ್ಟುಬಿಡು," ಎಂದ ಮಹಾಲಿಂಗ. "ಇದನ್ನೆಲ್ಲ ಸರಿಯಾಗಿ ನೋಡಿದರೆ ಆ ವೆಂಕಟ್ರಮಣರು ಐನೂರೂ ಕೊಡ್ಲಿಕ್ಕಿಲ್ಲ." ದೇರಣ್ಣ ಕೊಟ್ಟ. ದಲ್ಲಾಳಿಯ ಪಾಲೆಂದು ಮಹಾಲಿಂಗ ಹತ್ತು ರೂಪಾಯಿ ಎತ್ತಿಕೊಂಡ.

ಪಾತ್ರೆ, ಚಾಪೆ, ಎಣ್ಣೆಯ ಬಾಟ್ಲಿ ಹೊತ್ತು, ಎರಡು ಬಸ್ಸಿನವರ ಬೈಗುಳ ತಿಂದು, ಮೂರನೆಯ ಬಸ್ಸಿನಲ್ಲಿ ಗಂಡ ಹೆಂಡತಿ ಪುತ್ತೂರು ಮುಟ್ಟುವಾಗ ಹೊತ್ತು ಕಂತುತ್ತಿತ್ತು. ಹಸಿರು ವ್ಯಾನು ಇರಲಿಲ್ಲ. ಅದರ ಜಾಗದಲ್ಲಿ, ಹಿಡಿಯಿಲ್ಲದ ಬಾಗಿಲಿನ ಅವರದೇ ವ್ಯಾನು ನಿಂತಿತ್ತು.

"ಮಧ್ಯಾಹ್ನ ಹಲ್ಲುಪುಡಿಯವರು ಇದನ್ನು ಬಿಟ್ಟು ಅದನ್ನು ತಕ್ಕೊಂಡು ಹೋದರು," ಎಂದರು ವೆಂಕಟ್ರಮಣರು. "ನಿಮಗೆ ಹೇಳಿದ ಮಾತು ತಪ್ಪಬಾರದಲ್ಲ, ಏಳ್ನೂರೇ ಹಿಡಿದೆ. ಈಗ ಇರುದು ಇದೊಂದೇ. ಎಂಟ್ನೂರು."

"ಎಂಟ್ನೂರಾ? ಮಾಡು ಸೋರ್ತದೆ! ಬ್ರೇಕು ಹಿಡಿಯುದಿಲ್ಲ!"

"ಮೊನ್ನೆ ನನಗೆ ನೀವು ಇದ್ಯಾವುದನ್ನೂ ಹೇಳಿರಲಿಲ್ಲವಲ್ಲ ಮಾರಾಯ್ರೆ."

ದೇರಣ್ಣನಿಗೂ ಒಂದಿಷ್ಟು ವ್ಯಾಪಾರ ಗೊತ್ತಿತ್ತು. ಬೇಡವೆಂದು ಹೊರಟರೆ ಬೆಲೆ ತಾನಾಗಿ ಇಳಿಯುತ್ತದೆ. ಮುಖ ಬಿಗಿದು ರಸ್ತೆಯ ಕಡೆ ನಾಲ್ಕು ಹೆಜ್ಜೆ ಹಾಕಿ, "ಬಾ, ಹೋಗುವ," ಎಂದು ಹೆಂಡತಿಯನ್ನು ಕರೆದ.

ದೇವಮ್ಮ ಆಗಲೇ ವ್ಯಾನಿನೊಳಗೆ ಚಾಪೆ ಬಿಡಿಸಿ, ಸ್ಟವ್ ಹಚ್ಚಿ, ಗಂಜಿಗೆ ನೀರಿಟ್ಟಿದ್ದಳು.

ಕಿಟಕಿಯಿಂದ ಬರುತ್ತಿದ್ದ ಸೀಮೆಎಣ್ಣೆಯ ಹೊಗೆಯನ್ನು ವೆಂಕಟ್ರಮಣರು ಸಾವಕಾಶ ನೋಡಿದರು.

"ಎಂಟ್ನೂರೈವತ್ತು," ಎಂದರು.